ಚೆನ್ನಾಗೈತೆ ಅಂದುಬಿಟ್ಟ ಬೀರಣ್ಣ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಲಿಂಗದಹಳ್ಳಿಯಿಂದ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ನಡುವಯಸ್ಸಿನ ಒಬ್ಬ ಮನುಷ್ಯ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾರೆ. ತಲೆಗೆ ಹೆಲ್ಮೆಟ್, ಮೈಗೆ ಮಾಸಿದ ಸ್ವೆಟರ್, ಸೊಂಟಕ್ಕೆ ನೀಲಿ ಚೌಕಳಿಯ ಲುಂಗಿ. ಊರಿನ ಕೊನೆಯ ಮನೆ ದಾಟಿದ ಮೇಲೆ ಹಿಂದೆ ಮುಂದೆ ನೋಡಿ, ಲುಂಗಿ ಬಿಚ್ಚಿ, ಮಡಚಿ, ಮೋರಿಯ ಕಟ್ಟೆಯ ಸಂದಿಯಲ್ಲಿ ಇಡುತ್ತಾರೆ. ಒಳಗೆ ತೊಡೆಗೆ ಅಂಟಿಕೊಂಡ ಕರಿ ಚಡ್ಡಿ, ರೇಸಿನವರು ಹಾಕಿಕೊಳ್ಳುವಂಥದ್ದು. ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನಾನು ನೋಡುತ್ತಿರುವುದು ಗೊತ್ತಾದದ್ದೇ ತಡ, ಅವರ ಮುಖ ಕೆಂಪಗಾಗುತ್ತದೆ.

“ಇದೊಂದ್ ಬರೀಬ್ಯಾಡಿ ಸಾ. ನಲವತ್ತೇಳು ವರ್ಸದ ಗಂಡ್ಸು ಇಂಥದ್ ಹಾಕ್ಕಂಡು ಊರೊಳಗೆ ಹೋದ್ರೆ ನಾಯಿಗಳೂ ನಗ್ತಾವೆ.”

ಆಗಲಿ ಎಂದಿದ್ದೆ. ಮಾತು ಉಳಿಸಿಕೊಳ್ಳಲಿಲ್ಲ, ಅವರು ಕ್ಷಮಿಸಬೇಕು.

ಇವರ ಹೆಸರು ಚಿಕ್ಕಬೀರಪ್ಪ, ಕರೆಯುವುದು ಬೀರಣ್ಣ ಎಂದು. ಕಡೂರಿನಲ್ಲಿ ಹಳೆಯ ಕೊಬ್ಬರಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಗುಡ್ಡಗಾಡಿನ ರೇಸಿಗೆ ಬೇಕಾದ ಸೈಕಲ್ ತಯಾರಿಸುವ ಸಣ್ಣ ಕಂಪನಿಯೊಂದಿದೆ. ಅಲ್ಲಿ ಹುಟ್ಟುವ ಪ್ರತಿ ಹೊಸ ಮಾದರಿಯೂ ಮಾರಾಟಕ್ಕೆ ಹೋಗುವ ಮೊದಲು ಹದಿನೈದು ದಿನ ಇವರ ಮನೆಯಲ್ಲಿರುತ್ತದೆ. ಅದನ್ನು ಕಲ್ಲು, ಬೇರು, ಮರಳು, ಇಳಿಜಾರುಗಳ ಮೇಲೆ ಓಡಿಸಿ, ಎಲ್ಲಿ ಏನು ಸರಿಯಿಲ್ಲ ಎಂದು ಹೇಳುವುದು ಇವರ ಕೆಲಸ. ಬಿಡಿಸಿ ಹೇಳಬೇಕೆಂದರೆ, ಈ ಮನುಷ್ಯನಿಗೆ ಕುಂದು ಹುಡುಕುವುದಕ್ಕೇ ಸಂಬಳ. ಗೆದ್ದ ಸವಾರರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಬೀರಣ್ಣನ ಹೆಸರು ಪಕ್ಕದ ಊರಿಗೂ ಗೊತ್ತಿಲ್ಲ.

ಈಗ ಅವರ ಕೈಯಲ್ಲಿರುವುದು ಕಂಪನಿಯ ಇದುವರೆಗಿನ ಅತಿ ದುಬಾರಿ ಸೈಕಲ್. ಚೌಕಟ್ಟು ಕಾರ್ಬನ್ನಿನದು, ಎತ್ತಿ ನೋಡಿದೆ, ತುಂಬಿದ ಬಿಂದಿಗೆಗಿಂತ ಹಗುರ. ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಇದೆ. ಎಡ ಹೆಬ್ಬೆರಳಿನ ಹತ್ತಿರ ಒಂದು ಲಿವರ್. ಒತ್ತಿದರೆ ಎರಡೂ ಬಿಗಿಯಾಗಿ ಏರು ಹತ್ತಲು ಸುಲಭ, ಬಿಟ್ಟರೆ ಮೆತ್ತಗಾಗಿ ಇಳಿಜಾರಿನ ಕುಲುಕಾಟವನ್ನೆಲ್ಲ ನುಂಗಿಕೊಳ್ಳುತ್ತವೆ. ಬೆಲೆ ಎಷ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬೀರಣ್ಣ ಕೈ ಅಡ್ಡ ಹಿಡಿಯುತ್ತಾರೆ.

“ಬೆಲೆ ನಂಗೆ ಹೇಳ್ಬ್ಯಾಡಿ ಅಂತ ಭವ್ಯಮ್ಮಂಗೆ ಮೊದ್ಲೇ ಹೇಳಿವ್ನಿ. ಗೊತ್ತಾಗ್ಬಿಟ್ರೆ ಕಲ್ಲಿನ ಮ್ಯಾಲೆ ಹತ್ತಿಸಕ್ಕೆ ಮನಸು ಬರಲ್ಲ.”

ಭವ್ಯ ಎಂದರೆ ಕಡೂರಿನ ಎಂಜಿನಿಯರ್ ಹುಡುಗಿ. ಈ ಸೈಕಲ್ಲುಗಳ ವಿನ್ಯಾಸವೆಲ್ಲ ಅವರದೇ.

ಏರು ಶುರುವಾಗುತ್ತದೆ. ಜೀಪು ಹೋಗುವ ಮಣ್ಣಿನ ದಾರಿಯಲ್ಲಿ ಎರವಲು ಸ್ಕೂಟರಿನ ಮೇಲೆ ನಾನು ಹಿಂದೆ ಹೊರಟಿದ್ದೇನೆ. ಸ್ಕೂಟರ್ ಏದುಸಿರು ಬಿಡುತ್ತಿದೆ, ಬೀರಣ್ಣ ಬಿಡುತ್ತಿಲ್ಲ. ಮೊದಲು ಲಿವರ್ ಒತ್ತದೆ ತುಳಿಯುತ್ತಾರೆ. ತುಳಿದಾಗಲೆಲ್ಲ ಹಿಂಭಾಗ ಕುಸಿದು ಬಲ ಪೋಲಾಗುತ್ತದೆಯೋ ಎಂದು ನೋಡುವುದಕ್ಕೆ. ಆಮೇಲೆ ಒತ್ತಿ ತುಳಿಯುತ್ತಾರೆ. ಸಡಿಲ ಜಲ್ಲಿಯ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿ, ಮತ್ತೆ ಜೋರಾಗಿ ತುಳಿದು, ಹಿಂದಿನ ಚಕ್ರ ಜಾರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಮೇಲೆ ಒಂದು ಬಂಡೆಯ ಹತ್ತಿರ ನಿಂತು ನೀರು ಕುಡಿದು, “ಹತ್ತೋದ್ರಲ್ಲಿ ಇದ್ರಂಥದ್ದು ನಾನು ಓಡ್ಸೇ ಇಲ್ಲ. ತಾನೇ ಎಳ್ಕಂಡ್ ಹೋಯ್ತದೆ” ಎನ್ನುತ್ತಾರೆ. ಇಳಿಯುವುದರಲ್ಲಿ ಹೇಗೆ ಎಂದು ಕೇಳಿದೆ. ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದಾರೆ.

ಇಳಿಯುವಾಗ ಮತ್ತಿಮರದ ತಿರುವಿನ ಆಚೆ ದಾರಿ ಮೆಟ್ಟಿಲಿನಂತೆ ಒಮ್ಮೆಲೇ ಕೆಳಗೆ ಬೀಳುತ್ತದೆ. ಅಲ್ಲಿ ಬೀರಣ್ಣ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ದಾಟಿ, ಮತ್ತೆ ಹತ್ತುತ್ತಾರೆ. ಎರಡನೇ ಸುತ್ತಿನಲ್ಲೂ ಅಷ್ಟೇ. ಯಾಕೆ ಎಂದರೆ, “ಸುಮ್ನೆ ಸಾ. ಕಾಲು ಹಿಡ್ಕಂತು” ಎಂಬ ಉತ್ತರ. ನಾನು ನಂಬಿದೆ.

ಇವರ ಹಿರಿಯರದು ಕುರಿ ಸಾಕಿದ ಮನೆತನ. ಅಪ್ಪನ ಕಾಲಕ್ಕೆ ಕುರಿ ಹೋಗಿ ರಾಗಿ, ಜೋಳ ಬಂದವು. ಇವರು ಮಾತ್ರ ಹೊಲದ ಜೊತೆಗೆ ಸೈಕಲ್ಲನ್ನೂ ಹಿಡಿದರು. ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ಬನ್ನು, ಬ್ರೆಡ್ಡು ತುಂಬಿಕೊಂಡು ಬೆಟ್ಟದ ಎಸ್ಟೇಟುಗಳ ಕೂಲಿಯವರ ಲೈನ್ ಮನೆಗಳಿಗೆ ಹಾಕುವ ಕೆಲಸ. ಚಪ್ಪಟೆಯಾದ ಬನ್ನನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ, ಎಂಥ ಕೊರಕಲಿನಲ್ಲೂ ಕುಲುಕದೆ ಹೋಗುವುದನ್ನು ಇವರ ಮೈ ಕಲಿತುಬಿಟ್ಟಿತು. ಕೆಲವು ವರ್ಷಗಳ ಹಿಂದೆ ಭವ್ಯ ತಮ್ಮ ಮೊದಲ ಸೈಕಲ್ಲಿನ ಪರೀಕ್ಷೆಗೆ ಇದೇ ಇಳಿಜಾರಿಗೆ ಬಂದಿದ್ದರಂತೆ. ಅವರ ಸವಾರ ಬ್ರೇಕು ಹಿಡಿದು ಹಿಡಿದು ಇಳಿಯುತ್ತಿದ್ದಾಗ, ಖಾಲಿ ಕ್ರೇಟು ಕಟ್ಟಿದ ಕ್ಯಾರಿಯರ್ ಸೈಕಲ್ಲೊಂದು ಬೆಲ್ ಹೊಡೆಯುತ್ತ ಪಕ್ಕದಲ್ಲೇ ನುಗ್ಗಿ ಹೋಯಿತು. ಮರುವಾರವೇ ಭವ್ಯ ಬೀರಣ್ಣನ ಮನೆ ಹುಡುಕಿಕೊಂಡು ಬಂದರು.

ಕೆಲಸ ಕೇಳುವುದಕ್ಕೆ ಮಜವಾಗಿದೆ, ಮಾಡುವುದಕ್ಕಲ್ಲ. ಒಮ್ಮೆ ಭುಜದ ಮೂಳೆ ಮುರಿದಿದೆ, ಮುಂದಿನ ಹಲ್ಲೊಂದು ಹೋಗಿದೆ. ಎಲ್ಲಕ್ಕಿಂತ ಕಷ್ಟ ಊರಿನವರ ಬಾಯಿ. ಮೈಮುರಿದು ದುಡಿಯುವ ವಯಸ್ಸಿನಲ್ಲಿ ಸೈಕಲ್ ಆಡಿಕೊಂಡಿದ್ದಾನೆ ಎಂದು ಅರಳಿಕಟ್ಟೆಯಲ್ಲಿ ಕೂತವರು ಇವರಿಗೆ ಕೇಳುವ ಹಾಗೇ ಹೇಳುತ್ತಾರೆ. ನೆಂಟರ ಮನೆಗೆ ಹೋದರೆ ‘ಕಂಪನಿ ಕೆಲಸ’ ಎಂದಷ್ಟೇ ಹೇಳಿ ಬೀರಣ್ಣ ಮಾತು ತಿರುಗಿಸುತ್ತಾರೆ.

ಮನೆಯಲ್ಲಿ ಹೆಂಡತಿ ಈರಕ್ಕ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಡುತ್ತಾರೆ. ಚಟ್ನಿಗೆ ಉಪ್ಪು ಬಿದ್ದಿಲ್ಲ. ಹೇಗಿದೆ ಎಂದು ಕೇಳುತ್ತಾರೆ. ಬಹಳ ಚೆನ್ನಾಗಿದೆ ಎನ್ನುತ್ತೇನೆ. ಇನ್ನೇನು ಹೇಳಲಿ? ಈರಕ್ಕ ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು ನಗುತ್ತಾರೆ.

“ನೀವೂ ನಮ್ಮೋರ ಥರಾನೇ ಕಣ್ರೀ. ಮದ್ವೆ ಆಗಿ ಇಷ್ಟ್ ವರ್ಸ ಆತು, ಉಪ್ಪಿಲ್ಲ ಅಂತ ಒಂದಿನ ಅಂದಿಲ್ಲ. ಹಂಗೇ ಉಂಡು ಎದ್ದೋಯ್ತಾರೆ. ಇಂಥೋರನ್ನ ಕುಂದು ಹುಡುಕೋ ಕೆಲ್ಸಕ್ಕೆ ಇಟ್ಕಂಡವ್ಳಲ್ಲ ಆ ಹುಡ್ಗಿ!”

ಈ ಮಾತಿಗೆ ನಾನು ನಗುತ್ತೇನೆ, ಬೀರಣ್ಣ ನಗುವುದಿಲ್ಲ. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಳ್ಳುತ್ತದೆ. ಭವ್ಯ. ನಾಳೆ ಶನಿವಾರ ವ್ಯಾನ್ ಬಂದು ಸೈಕಲ್ ಒಯ್ಯುತ್ತದೆ, ಭಾನುವಾರ ಬುಕ್ಕಾಂಬುಧಿಯ ಗುಡ್ಡದಲ್ಲಿ ರಾಜ್ಯಮಟ್ಟದ ರೇಸು, ಅಜ್ಜಂಪುರದ ಹುಡುಗ ದುಶ್ಯಂತ್ ಇದೇ ಸೈಕಲ್ ಮೇಲೆ ಇಳಿಯುತ್ತಾನೆ ಎಂದು ಆ ಕಡೆಯ ದನಿ ಸಂಭ್ರಮದಿಂದ ಹೇಳುವುದು ನನಗೂ ಕೇಳಿಸುತ್ತಿದೆ. “ಆಗ್ಲಿ ಭವ್ಯಮ್ಮ” ಎಂದು ಬೀರಣ್ಣ ಫೋನ್ ಕೆಳಗಿಡುತ್ತಾರೆ. ಕೈ ರೊಟ್ಟಿಯ ಕಡೆ ಹೋಗುವುದಿಲ್ಲ.

“ಇವತ್ತೂ ಹೇಳ್ಲಿಲ್ವಾ?” ಎಂದು ಈರಕ್ಕ ಕೇಳುತ್ತಾರೆ. ಈಗ ಅವರ ದನಿಯಲ್ಲಿ ನಗು ಇಲ್ಲ.

ಆಮೇಲೆ ಹೊರಬಂದದ್ದು ಇದು. ಸೋಮವಾರ ಆ ಮೆಟ್ಟಿಲಿನಂಥ ಜಾಗದಲ್ಲಿ ಸೈಕಲ್ ಧುಮುಕಿದಾಗ ಹಿಂದಿನ ಚಕ್ರ ಒಂದು ಎಳೆಯಷ್ಟು ಪಕ್ಕಕ್ಕೆ ಎಳೆದಂತಾಯಿತು, ಸಣ್ಣಗೆ ಟಿಕ್ ಎಂದಿತು. ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದರು. ಮತ್ತೆ ಎಳೆಯಿತು. ತಮ್ಮ ಸೊಂಟದ್ದೇ ತೊಂದರೆಯೇನೋ ಎಂದುಕೊಂಡು ಮಂಗಳವಾರ ಕಂಪನಿಯ ಹಳೆಯ ಸೈಕಲ್ಲನ್ನು ಅಲ್ಲೇ ಇಳಿಸಿ ನೋಡಿದರು. ಅದು ಎಳೆಯಲಿಲ್ಲ. ಅಲ್ಲಿಗೆ ತೊಂದರೆ ಸೈಕಲ್ಲಿನದೇ ಎಂದು ಖಾತ್ರಿಯಾಯಿತು.

ಬುಧವಾರ ಭವ್ಯ, ದುಶ್ಯಂತ್ ಇಬ್ಬರೂ ಮನೆಗೆ ಬಂದರು. ಅಲ್ಲಿಯವರೆಗೆ ಕುಂದು ಹೇಳುವುದೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಸೀಟು ಸರಿಯಿಲ್ಲ, ಕೆಸರು ಕಚ್ಚಿಕೊಳ್ಳುತ್ತದೆ, ಲಿವರ್ ದೂರ ಇದೆ ಎಂದು ಬೀರಣ್ಣ ಎಲ್ಲವನ್ನೂ ಮುಲಾಜಿಲ್ಲದೆ ಹೇಳುತ್ತಿದ್ದರು.

“ಫೋನಲ್ಲಿ ಮುಖ ಕಾಣಲ್ವಲ್ಲ ಸಾ. ಅವತ್ತು ಮನೆಗ್ ಬಂದವ್ರೆ, ಕೋಳಿ ಸಾರು ಮಾಡಿಸಿದ್ದೆ, ನನ್ನ ಪಕ್ಕದಾಗೇ ಕುಂತು ಮುದ್ದೆ ಉಣ್ತಾವ್ರೆ. ಎರಡು ವರ್ಸ ಇದಕ್ಕೇ ನಿದ್ದೆಗೆಟ್ಟಿವ್ನಿ ಬೀರಣ್ಣ, ಹೆಂಗೈತೆ ಹೇಳಿ ಅಂದ್ರು. ಆ ಹುಡ್ಗನೂ ಕಣ್ಣು ಇಷ್ಟಗಲ ಮಾಡ್ಕಂಡು ನನ್ನೇ ನೋಡ್ತಾವ್ನೆ. ಮನೆಗ್ ಬಂದು ಕೈ ತೊಳ್ದೋರಿಗೆ, ನೀವು ಮಾಡಿದ್ ಸೈಕಲ್ಲು ಸರಿಯಿಲ್ಲ ಅಂತ ಹೆಂಗನ್ಲಿ? ಚೆನ್ನಾಗೈತೆ ಅಂದ್ಬಿಟ್ಟೆ.”

ನಾವೆಲ್ಲ ಹೀಗೇ ತಾನೇ? ಯಾರದೋ ಹೊಸ ಮನೆಯ ಬಾಗಿಲು ತಲೆಗೆ ಬಡಿದರೂ ಮನೆ ಅದ್ಭುತವಾಗಿದೆ ಎನ್ನುತ್ತೇವೆ. ಅದನ್ನು ಒಳ್ಳೆಯತನ ಎಂದೇ ತಿಳಿದಿದ್ದೇವೆ. ಆದರೆ ಬೀರಣ್ಣನ ಆ ಒಂದು ಮಾತನ್ನು ನಂಬಿ ಒಬ್ಬ ಹುಡುಗ ನಾಡಿದ್ದು ಗುಡ್ಡದ ತುದಿಯಿಂದ ಇಳಿಯುತ್ತಾನೆ. ಗುರುವಾರ ಅವರೇ ಎರಡು ಸಲ ಫೋನ್ ಮಾಡಿ, ಹೆದರಿ, ಬೇರೇನೋ ಮಾತಾಡಿ ಇಟ್ಟಿದ್ದಾರೆ. ಈಗ ಹೇಳಿದರೆ ಬುಧವಾರ ಸುಳ್ಳು ಹೇಳಿದ್ದು ಬಯಲಾಗುತ್ತದೆ ಎಂಬ ನಾಚಿಕೆ ಬೇರೆ. ಗೋಡೆಗೆ ಒರಗಿ ಕೂತ ಅವರು ತಲೆ ಎತ್ತುವುದೇ ಇಲ್ಲ.

ಈರಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಫೋನನ್ನು ಅವರ ಕೈಗೆ ಕೊಡುತ್ತಾರೆ. “ಆ ಹುಡ್ಗ ನನ್ನ ಕೈಲಿ ಇಕ್ಕಿಸ್ಕಂಡು ಉಂಡವ್ನೆ. ಉಂಡೋನು ಬಿದ್ದು ಕೈಕಾಲು ಮುರ್ಕಂಡ್ರೆ ನಾಳೆ ನಾನು ಯಾವ ಮುಖ ಇಟ್ಕಂಡು ಇನ್ನೊಬ್ರಿಗ್ ಬಡಿಸ್ಲಿ? ಹೇಳ್ರಿ ಈಗ.”

ಬೀರಣ್ಣ ಹೇಳುತ್ತಾರೆ. ತಡವರಿಸುತ್ತ, ಆದರೆ ಒಂದನ್ನೂ ಬಿಡದೆ. ಆ ಕಡೆಯಿಂದ, “ಬರ್ತಿದೀವಿ. ಅದನ್ನ ಯಾರೂ ಓಡಿಸ್ಬೇಡಿ” ಎಂದಷ್ಟೇ ಕೇಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ವ್ಯಾನ್ ಬಂದು ನಿಲ್ಲುತ್ತದೆ. ಭವ್ಯ ಒಳಗೂ ಬರದೆ ಅಂಗಳದಲ್ಲೇ ಗೋಣಿಚೀಲ ಹಾಸಿ ಸೈಕಲ್ ಬಿಚ್ಚಲು ಕೂರುತ್ತಾರೆ. ಹಿಂದಿನ ಚೌಕಟ್ಟನ್ನು ಶಾಕ್ ಅಬ್ಸಾರ್ಬರಿಗೆ ಕೂಡಿಸುವ ಬೆರಳುದ್ದದ ಅಲ್ಯೂಮಿನಿಯಂ ತುಂಡೊಂದಿದೆ. ಅದನ್ನು ಕಳಚಿ, ಒರೆಸಿ, ಬಿಸಿಲಿಗೆ ಹಿಡಿಯುತ್ತಾರೆ. ಬೋಲ್ಟು ಕೂರುವ ತೂತಿನ ಪಕ್ಕ ಕೂದಲೆಳೆಯಂಥ ಬಿರುಕು. ಇಷ್ಟು ದಿನ ವಾಷರ್ ಅದನ್ನು ಮುಚ್ಚಿಕೊಂಡಿತ್ತು. ದುಶ್ಯಂತ್ ಅದರ ಮೇಲೆ ಉಗುರು ಆಡಿಸಿ ನೋಡುತ್ತಾನೆ.

“ಕೊನೇ ಇಳಿಜಾರಲ್ಲಿ ನಾನು ಬ್ರೇಕ್ ಹಿಡಿಯೋದೇ ಇಲ್ಲ ಅಣ್ಣ” ಎನ್ನುತ್ತಾನೆ. ಅವನ ದನಿಯಲ್ಲಿ ದೂರು ಇಲ್ಲ. ಇದ್ದಿದ್ದರೆ ಬೀರಣ್ಣನಿಗೆ ಸುಲಭವಾಗುತ್ತಿತ್ತೋ ಏನೋ.

ಭವ್ಯ ಎದ್ದು ನಿಲ್ಲುತ್ತಾರೆ. “ಬುಧವಾರಾನೇ ಗೊತ್ತಿತ್ತಾ ಬೀರಣ್ಣ?”

“ಗೊತ್ತಿತ್ತು.”

“ಮುಖ ನೋಡಿ ಕೇಳಿದ್ದೆ ನಿಮ್ಮನ್ನ.”

“ಕೇಳಿದ್ರಿ.”

“ಬಿರುಕು ಬಿಟ್ಟಿದ್ದು ನನ್ನ ತಪ್ಪು. ಆ ತುಂಡನ್ನ ತೆಳ್ಳಗೆ ಮಾಡಿದ್ದು ನಾನೇ. ಆದ್ರೆ ಮಿಕ್ಕಿದ್ದು ನಿಮ್ದು. ನಾನು ಬೇಜಾರ್ ಮಾಡ್ಕೊಂತೀನಿ ಅಂತ ಇವನನ್ನ ಇದ್ರ ಮೇಲೆ ಕಳಿಸ್ತಿದ್ರಲ್ಲ?”

ಬೀರಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಮತ್ತೆ ಮತ್ತೆ ಒರೆಸಿಕೊಳ್ಳುತ್ತಾರೆ. ನೋಡುವುದಕ್ಕೆ ಕಷ್ಟವಾಗಿ ನಾನು ಬೇಲಿಯ ಕಡೆ ತಿರುಗಿ ನಿಲ್ಲುತ್ತೇನೆ. ಕೆಲಸದಿಂದ ತೆಗೆಯುವ ಮಾತನ್ನು ಭವ್ಯ ಆಡಲಿಲ್ಲ. ಆ ತುಂಡನ್ನು ದಪ್ಪ ಮಾಡಿಸಿ ಮುಂದಿನ ತಿಂಗಳು ಮತ್ತೆ ತರುತ್ತೇನೆ, ಅಲ್ಲಿಯವರೆಗೆ ದುಶ್ಯಂತ್ ಹಳೆಯ ಸೈಕಲ್ಲನ್ನೇ ಓಡಿಸಲಿ ಎಂದರು. ಈರಕ್ಕ ಊಟಕ್ಕೆ ಕರೆದರು. ಭವ್ಯ ಇವತ್ತು ಬೇಡ ಎಂದರು. ವ್ಯಾನ್ ಹೊರಟು ಧೂಳು ಅಡಗುವವರೆಗೆ ಬೀರಣ್ಣ ಅಂಗಳದಲ್ಲೇ ನಿಂತಿದ್ದರು.

ಸಂಜೆ ಅವರು ನನ್ನನ್ನು ಬಸ್ಸಿನವರೆಗೆ ಕಳಿಸಲು ಬರುತ್ತಾರೆ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ, ಪೇಪರಿನಲ್ಲಿ ಏನು ಬರೆಯುತ್ತೀರಿ ಎಂದು ಕೇಳುತ್ತಾರೆ. ಸಮಾಧಾನ ಮಾಡುವ ಉತ್ಸಾಹದಲ್ಲಿ ನಾನು, ನಿಮ್ಮ ಶ್ರಮ, ನಿಮ್ಮ ಸಾಹಸ, ಕೊನೆಗೆ ಧೈರ್ಯ ಮಾಡಿ ನಿಜ ಹೇಳಿ ಒಬ್ಬ ಹುಡುಗನನ್ನು ಉಳಿಸಿದ್ದು ಎಂದು ಒಂದೇ ಉಸಿರಿನಲ್ಲಿ ಹೊಗಳುತ್ತ ಹೋಗುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

“ಹಂಗ್ ಬರೀಬ್ಯಾಡಿ ಸಾ. ಎರಡು ದಿನ ಬಾಯಿ ಮುಚ್ಕಂಡಿದ್ದ ಅಂತ್ಲೂ ಬರೀರಿ, ನನ್ನ ಹೆಸ್ರು ಹಾಕಿ ಬರೀರಿ. ನಮ್ಮನೇಲಿ ಉಂಡಿದ್ಕೆ ನೀವು ಬರೇ ಚೆನ್ನಾಗವ್ನೆ ಅಂತ ಬರುದ್ರೆ, ನಾನು ಆ ಸೈಕಲ್ಲಿಗೆ ಮಾಡಿದ್ದನ್ನೇ ನೀವು ನಂಗೆ ಮಾಡ್ದಂಗಾಯ್ತು.”