ಅಪ್ಪ ಅತ್ತೆಯನ್ನು ದಾಟಿ ಹೋದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ತುಂಬ ಸ್ಪಿರಿಟ್ಟಿನ ವಾಸನೆ. ಜೇವರ್ಗಿಯ ಆ ಮನೆಯ ಮುಂದಿನ ಕೋಣೆಯೇ ಅಪ್ಪನ ದವಾಖಾನೆ. ಅವ್ವನ ಒಲೆಯ ಮೇಲೆ ಒಂದು ಕಡೆ ಬೇಳೆ ಕುದಿಯುತ್ತಿದ್ದರೆ ಇನ್ನೊಂದು ಕಡೆ ಸೂಜಿ, ಸಿರಿಂಜುಗಳು ಕುದಿಯುತ್ತಿದ್ದವು. ಸುತ್ತಲಿನ ಹಳ್ಳಿಗಳವರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಬರಲಾಗದವರ ಮನೆಗೆ ಅಪ್ಪನೇ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಯಾರ ಮಗುವಿಗೆ ದಡಾರ ಎದ್ದಿದೆ, ಯಾವ ಮುದುಕಿಗೆ ದಮ್ಮು ಹೆಚ್ಚಾಗಿದೆ, ಎಲ್ಲ ಅವನಿಗೆ ಬಾಯಿಪಾಠ.

ಅಪ್ಪನ ಊರು ಆಳಂದ. ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಬೆಳೆಸಿದವಳು ಅವನ ಅಕ್ಕ, ಅಂದರೆ ನನ್ನ ಅತ್ತೆ. ಅತ್ತೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅಪ್ಪ ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ ಮಿಲಿಟರಿಗೆ ಸೇರಿದ. ಆಗ ದೊಡ್ಡ ಯುದ್ಧ ನಡೆದಿತ್ತು. ಅವನನ್ನು ಬರ್ಮಾದ ಕಾಡಿಗೆ ಕಳಿಸಿದರು. ಎರಡು ವರ್ಷ ಒಂದು ಕಾಗದವೂ ಬರಲಿಲ್ಲ. ಹುಡುಗ ಹೋದ, ಕ್ರಿಯಾಕರ್ಮ ಮುಗಿಸಿಬಿಡೋಣ ಎಂದು ಹಿರಿಯರು ಹೇಳಿದಾಗ ಅತ್ತೆ ಬಾಗಿಲಿಗೆ ಅಡ್ಡ ಕುಳಿತಳಂತೆ. ಕಣ್ಣಿಲೆ ನೋಡುವ ತನಕ ಅಳುವುದಿಲ್ಲ ಅಂದಳಂತೆ.

ಅಪ್ಪ ಬಂದ. ಮಲೇರಿಯಾದಿಂದ ಹಳದಿಗಟ್ಟಿ, ಕಡ್ಡಿಯಂತಾಗಿ ಬಂದ. ಜೇವರ್ಗಿಯಲ್ಲಿ ದವಾಖಾನೆ ತೆರೆದಾಗ ಅತ್ತೆಯೂ ಜೊತೆಗೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಯುದ್ಧದ ಬಗ್ಗೆ ಕೇಳಿದರೆ ಅಪ್ಪ, ಅಲ್ಲಿ ಮಳೆ ಬಹಳ ಇತ್ತು ಅಂತಷ್ಟೇ ಅನ್ನುತ್ತಿದ್ದ.

ನನಗಾಗ ಎಂಟು ವರ್ಷ. ಶ್ರಾವಣ ಮಾಸ, ಐದು ದಿನದಿಂದ ಜಡಿಮಳೆ ಹಿಡಿದಿತ್ತು. ಭೀಮಾ ಹೊಳೆ ತುಂಬಿ ಕಲಬುರ್ಗಿಯ ದಾರಿ ಕಟ್ಟಿತ್ತು. ಪಂಚಮಿ ಹಬ್ಬಕ್ಕೆ ಇನ್ನೆರಡೇ ದಿನ. ಹಿಂದಿನ ಮನೆಯ ಮಗಳು ಆರು ತಿಂಗಳ ಬಸುರಿ, ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಓಣಿಯ ಹೆಂಗಸರು ನಾಲ್ಕೈದು ಮಂದಿ ಆ ಮನೆಯಲ್ಲಿ ಕೂಡಿ ಉಂಡಿ ಕಟ್ಟುತ್ತಿದ್ದರು. ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹುರಿದ ಶೇಂಗಾ, ಎಳ್ಳು, ಕುದಿಯುವ ಬೆಲ್ಲದ ಪಾಕ. ಆ ವಾಸನೆಗೇ ಹೊಟ್ಟೆ ತುಂಬುತ್ತಿತ್ತು. ಮಣ್ಣಿನ ಮಾಳಿಗೆ ನೀರು ಕುಡಿದು ಕುಡಿದು ಅಲ್ಲಲ್ಲಿ ಸೋರುತ್ತಿತ್ತು. ಹನಿ ಬೀಳುವಲ್ಲೆಲ್ಲ ತಾಟು, ತಂಬಿಗೆ ಇಟ್ಟಿದ್ದರು. ಅದಕ್ಕೆ ಯಾರೂ ಹೆದರಲಿಲ್ಲ. ಮಳೆಗಾಲದಲ್ಲಿ ಎಲ್ಲರ ಮನೆಯೂ ಹಾಗೇ.

ತುಪ್ಪ ಕಡಿಮೆ ಬಿತ್ತೆಂದು ಅತ್ತೆ ನನ್ನನ್ನು ಮನೆಗೆ ಓಡಿಸಿದಳು. ಬಟ್ಟಲು ಹಿಡಿದು ತಿರುಗಿ ಬರುವಾಗ ಜೋಳದ ಚೀಲ ಕೆಳಗಿಟ್ಟಂಥ ಸಪ್ಪಳವಾಯಿತು. ಅಷ್ಟೇ. ಆ ಮನೆಯ ಮಾಳಿಗೆ ಕುಸಿದು ಒಳಗಿನ ಹೊಗೆ, ಬೆಲ್ಲದ ವಾಸನೆ ಎಲ್ಲ ಹೊರಗೆ ಬಂತು.

ಗಂಡಸರು ಸಲಿಕೆ ತಂದು ಅಗೆದರು. ಅಪ್ಪ ಬರಿಗಾಲಲ್ಲಿ ಓಡಿ ಬಂದ. ಹಿಂದೆಯೇ ಕಂಪೌಂಡರ್ ಕಾಕಾ ಔಷಧದ ಪೆಟ್ಟಿಗೆ ಹೊತ್ತು ಬಂದರು. ಹೊರಗೆ ತೆಗೆದವರನ್ನು ಎದುರು ಮನೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿದರು. ಆಗ ಅಪ್ಪನ ಮುಖ ಬದಲಾಯಿತು. ದವಾಖಾನೆಯಲ್ಲಿ ಒಬ್ಬೊಬ್ಬರ ಜೊತೆಗೂ ದನಕರುಗಳ ಸುದ್ದಿಯಿಂದ ಮಾತು ಶುರು ಮಾಡುವ ಮನುಷ್ಯ, ಅಂದು ಬಾಯಿ ಬಿಗಿಹಿಡಿದು ಸಾಲಿನ ಉದ್ದಕ್ಕೂ ನಡೆದ. ಒಬ್ಬೊಬ್ಬರ ಬಳಿ ಎರಡು ಗಳಿಗೆ ಬಗ್ಗಿದ, ಎದ್ದ, ಮುಂದೆ ಹೋದ.

ಮೊದಲು ಮಲಗಿದ್ದವಳೇ ಅತ್ತೆ. ಅವಳ ಹೊಟ್ಟೆಯ ಮೇಲೆ ತೊಲೆ ಬಿದ್ದಿತ್ತು. ಮೈಮೇಲೆ ಗಾಯ ಕಾಣುತ್ತಿರಲಿಲ್ಲ. ಮುಖ ಮಾತ್ರ ಬೂದಿ ಬಳಿದಂತೆ ಬಿಳಚಿತ್ತು. ಅಪ್ಪ ನಾಡಿ ಹಿಡಿದ, ಹೊಟ್ಟೆ ಒತ್ತಿದ, ಕಣ್ಣಿನ ರೆಪ್ಪೆ ಎಳೆದು ನೋಡಿದ. ಅತ್ತೆ ಅವನನ್ನೇ ನೋಡುತ್ತಿದ್ದಳು. ಅಪ್ಪ ಅವಳ ಸೆರಗನ್ನು ಎದೆಯ ಮೇಲೆ ಸರಿಮಾಡಿದ. ಎದ್ದು ದಾಟಿ ಹೋದ.

ನಾನು ಓಡಿ ಹೋಗಿ ಅವನ ಅಂಗಿ ಹಿಡಿದು ಜಗ್ಗಿದೆ.

"ಅಪ್ಪಾ, ಅತ್ತಿ ಉಸರಾಡಾಕತ್ತಾಳ. ಆಕೀನ ಯಾಕ ಬಿಟ್ಟಿ?"

ಅಪ್ಪ ನನ್ನ ಕೈ ಬಿಡಿಸಿದ. "ನನಗ ಗೊತ್ತದವ್ವಾ. ನೀ ಹೋಗಿ ಆಕಿ ಕೈ ಹಿಡಕೊಂಡು ಕೂಡು. ಬಿಡಬ್ಯಾಡ."

ನಾನು ಅತ್ತೆಯ ಕೈ ಹಿಡಿದು ಕುಳಿತೆ. ಬೆರಳಿಗೆ ಬೆಲ್ಲ ಅಂಟಿತ್ತು. ಆ ಕಡೆ ಅಪ್ಪ ಒಬ್ಬ ಹುಡುಗಿಯ ಬಾಯಿಂದ ಮಣ್ಣು ತೆಗೆದು ತೆಗೆದು ಉಸಿರು ಬರಿಸಿದ. ತನ್ನ ಧೋತರದ ಅಂಚು ಹರಿದು ಬಸುರಿ ಹೆಂಗಸಿನ ತೊಡೆಗೆ ಬಿಗಿದು, ಚಿಮ್ಮುತ್ತಿದ್ದ ರಕ್ತ ನಿಲ್ಲಿಸಿದ. ಒಮ್ಮೆಯೂ ನಮ್ಮ ಕಡೆ ತಿರುಗಲಿಲ್ಲ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಹಲ್ಲು ಕಚ್ಚಿ ಹಿಡಿದಿದ್ದೆ.

ಅತ್ತೆ ತುಟಿ ಅಲುಗಿಸಿದಳು. ಕಿವಿ ಹತ್ತಿರ ಒಯ್ದೆ.

"ನಿಮ್ಮಪ್ಪಗ ಹೇಳವ್ವಾ. ಅವ ಮಾಡಿದ್ದು ಬರೋಬರಿ ಅದ. ನನಗ ತಿಳೀತು ಅಂತ ಹೇಳು."

ಸ್ವಲ್ಪ ಹೊತ್ತಿಗೆ ಅವಳ ಕೈ ಭಾರವಾಯಿತು. ಅಪ್ಪ ಬರುವಾಗ ಎಲ್ಲ ಮುಗಿದಿತ್ತು. ಉಳಿದವರೆಲ್ಲ ಬದುಕಿದರು. ಆ ಬಸುರಿಗೆ ಮೂರು ತಿಂಗಳ ಮೇಲೆ ಗಂಡು ಮಗುವಾಯಿತು.

ಮರುದಿನ ಮಣ್ಣು ಮಾಡಿ ಬಂದ ಮೇಲೆ ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಕೈ ತೊಳೆಯುತ್ತಲೇ ಇದ್ದ. ನಾನು ದೂರ ನಿಂತಿದ್ದೆ. ನಾನು ಕೇಳದಿದ್ದರೂ ಅವನೇ ಮಾತು ತೆಗೆದ.

"ಬರ್ಮಾದಾಗ ಹಿಂಗಽ ಸಾಲಾಗಿ ಮಲಗಸ್ತಿದ್ರವ್ವಾ. ಮಂದಿ ಭಾಳ, ನಾವು ಇಬ್ಬರಽ ಡಾಕ್ಟರು. ಯಾರಿಗಿ ಕೈ ಹಚ್ಚಬೇಕು, ಯಾರನ್ನ ದಾಟಿ ಹೋಗಬೇಕು ಅಂತ ಅಲ್ಲಿ ಕಲಿಸಿದ್ರು. ಆ ವಿದ್ಯಾ ಇಲ್ಲಿ ಬೇಕಾಗಂಗಿಲ್ಲ ಅಂತ ತಿಳದಿದ್ದೆ."

ಅತ್ತೆಯ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು, ಕೊಯ್ದು ಹೊಲಿಯಬೇಕಿತ್ತು, ಬೇರೆಯವರ ರಕ್ತ ಹಾಕಬೇಕಿತ್ತು, ಅದೆಲ್ಲ ಹೊಳೆಯ ಆಚೆ ಕಲಬುರ್ಗಿಯಲ್ಲಿತ್ತು ಎಂದು ನಿಧಾನವಾಗಿ ಬಿಡಿಸಿ ಹೇಳಿದ. ನಾನು ಎಂಟು ವರ್ಷದವಳೆಂಬುದನ್ನೇ ಮರೆತವನಂತೆ ಹೇಳಿದ. ಅತ್ತೆಯ ಮಾತನ್ನು ಅವನಿಗೆ ಮುಟ್ಟಿಸಲು ಅದೇ ಹೊತ್ತಾಗಿತ್ತು. ನಾನು ಮುಟ್ಟಿಸಲಿಲ್ಲ. ದಾಟಿ ಹೋದವನಿಗೆ ಯಾಕೆ ಹೇಳಲಿ ಅನಿಸಿತು. ಆಮೇಲೆ ಸಿಟ್ಟು ಇಳಿದ ಮೇಲೂ, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿಯಾನೆಂಬ ಹೆದರಿಕೆಯಿಂದ ಸುಮ್ಮನಾದೆ. ಲಗ್ನವಾಗಿ ಅಫಜಲಪುರಕ್ಕೆ ಹೋದೆ. ಅಪ್ಪ ಕೈ ನಡುಗುವ ತನಕ ರೋಗಿಗಳನ್ನು ನೋಡಿದ. ಆದರೆ ಪಂಚಮಿಯ ಉಂಡಿಯನ್ನು ಬಾಯಿಗೆ ಮುಟ್ಟಿಸಲಿಲ್ಲ.

ಅವನು ಹಾಸಿಗೆ ಹಿಡಿದಾಗ ನನಗೆ ನಲವತ್ತು ದಾಟಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ತಡೆಯಲಾಗದೆ ಹೇಳಿಬಿಟ್ಟೆ. ಅತ್ತೆ ಅಂದ ಮಾತನ್ನು ಅವಳು ಅಂದ ಹಾಗೆಯೇ ಹೇಳಿದೆ. ಅಪ್ಪ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿದ.

"ಆವತ್ತಽ ಹೇಳಿದ್ದರ..." ಅಂದ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇರಲಿ, ನೀ ಸಣ್ಣಾಕಿ ಇದ್ದಿ" ಅಂದ. ಬೇಸಿಗೆ ಬರುವ ಮೊದಲೇ ಹೋಗಿಬಿಟ್ಟ.

ಮೊಮ್ಮಕ್ಕಳೇ, ಆ ಓಣಿಯಲ್ಲಿ ಈಗ ಹುಡುಕಿದರೂ ಮಣ್ಣಿನ ಮಾಳಿಗೆ ಸಿಗುವುದಿಲ್ಲ, ಎಲ್ಲ ಸ್ಲ್ಯಾಬಿನ ಮನೆಗಳು. ಹೊಳೆ ತುಂಬಿದರೂ ನೀವು ಶಾಲೆಗೆ ರಜೆ ಸಿಕ್ಕೀತೇ ಎಂದಷ್ಟೇ ನೋಡುತ್ತೀರಿ. ಹೋದ ವರ್ಷ ನಿಮ್ಮ ದೊಡ್ಡಣ್ಣ ಬೈಕಿನಿಂದ ಬಿದ್ದಾಗ ಒಂದು ಫೋನಿಗೆ ಆಂಬುಲೆನ್ಸ್ ಬಂತು, ಸ್ವಲ್ಪ ಹೊತ್ತಿನಲ್ಲೇ ಅವನು ಕಲಬುರ್ಗಿಯ ಆಸ್ಪತ್ರೆಯಲ್ಲಿದ್ದ. ಹೊರಗೆ ಗಾಯವಿಲ್ಲ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ಸ್ಕ್ಯಾನ್ ಮಾಡಿ ಹೇಳಿದರು. ಆಪರೇಷನ್ ಮಾಡಿ, ನಾಲ್ಕು ಬಾಟಲಿ ರಕ್ತ ಹಾಕಿದರು. ಬೆಳಿಗ್ಗೆ ಒಬ್ಬ ಎಳೆಯ ಡಾಕ್ಟರಮ್ಮ ಹೊರಗೆ ಬಂದು, ಇನ್ನು ಚಿಂತೆಯಿಲ್ಲ ಅಂದಳು. ನಾನು ಬೆಂಚಿನ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟೆ. ಅಜ್ಜಿ ಸಂತೋಷಕ್ಕೆ ಅಳುತ್ತಿದ್ದಾಳೆಂದು ನೀವು ನೀರು ತಂದುಕೊಟ್ಟಿರಿ. ನಾನೂ ಹೌದೆಂದು ತಲೆಯಾಡಿಸಿದೆ. ಅದು ಅರ್ಧ ಮಾತ್ರ ನಿಜವಾಗಿತ್ತು.