ಅಕ್ಕಂಗೆ ಹೇಳಿ

ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುವ ಆ ಹೆಂಗಸನ್ನು ಎಲ್ಲರೂ ನೀರಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತಂತಿತ್ತು. ಹಗಲೆಲ್ಲ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ, ಹಬೆ ಉಗುಳುವ ರೋಲರುಗಳ ನಡುವೆ ಒದ್ದೆ ಹೊದಿಕೆ ತೂರಿಸುತ್ತಿದ್ದಳು. ಬಿಸಿ ಬಟ್ಟೆ ಮಡಚಿ ಮಡಚಿ ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಸಂಜೆ ಬಾಕ್ಸಿಂಗ್ ಕಲಿಸುವ ತಗಡಿನ ಶೆಡ್ಡಿಗೆ ಬಂದರೆ ಅದೇ ಬೆರಳುಗಳು ತಮ್ಮನ ಒಡೆದ ಹುಬ್ಬಿಗೆ ಹತ್ತಿ ಒತ್ತುತ್ತಿದ್ದವು, ಹೆಪ್ಪುಗಟ್ಟಿದ ರಕ್ತವನ್ನು ಮೂಗಿನಿಂದ ತೆಗೆಯುತ್ತಿದ್ದವು.

ತಮ್ಮನನ್ನು ರಿಂಗಿನಲ್ಲಿ ಗೂಳಿ ಅನ್ನುತ್ತಿದ್ದರು. ಮುಂದೆ ಏನಿದೆ ಎಂದು ನೋಡುವ ಜಾಯಮಾನವೇ ಅವನದಲ್ಲ. ಎದುರಾಳಿ ಯಾರು, ಎಡಗೈಯವನೋ ಬಲಗೈಯವನೋ, ಹಿಂದೆ ಎಷ್ಟು ಜನರ ದವಡೆ ಮುರಿದಿದ್ದಾನೋ, ಒಂದೂ ಬೇಡ. ಯಾರೇ ಏನೇ ವಿವರಿಸಲು ಬರಲಿ, ಅವನ ಬಾಯಲ್ಲಿ ಒಂದೇ ಮಾತು: "ಅಕ್ಕಂಗೆ ಹೇಳಿ." ಪಂದ್ಯದ ದಿನವೂ ಬೆಂಚಿನ ಮೇಲೆ ಹಾಲು ಕುಡಿದ ಕೂಸಿನ ಹಾಗೆ ನಿದ್ದೆ ಹೊಡೆದು, ಎಬ್ಬಿಸಿದಾಗ ಎದ್ದು ಹೋಗಿ ಹೊಡೆದು ಬರುತ್ತಿದ್ದ.

ಈ ಏರ್ಪಾಡು ಮಾಡಿದವಳು ಅವಳೇ. ಅವರಪ್ಪ ಕುಡಿದರೆ ಬೆಲ್ಟಿನಲ್ಲಿ, ಕುಡಿಯದಿದ್ದರೆ ಬರಿಗೈಯಲ್ಲಿ ಹೊಡೆಯುವ ಮನುಷ್ಯ. ಹೊರಗೆ ಅವನ ಚಪ್ಪಲಿ ಸದ್ದಾದ ಕೂಡಲೇ ಅಕ್ಕ ತಮ್ಮನನ್ನು ಮಂಚದ ಕೆಳಗೆ ತಳ್ಳಿ, "ಅಪ್ಪಂಗೆ ಸುಸ್ತಾಗಿದೆ, ಇವತ್ತು ಹೊಡೆಯಲ್ಲ" ಅನ್ನುತ್ತಿದ್ದಳು. ಅಪ್ಪ ಹೊರಗೆಳೆದು ಬೆನ್ನ ಮೇಲೆ ಬಾರಿಸುವ ತನಕ ಹುಡುಗ ಅದನ್ನು ನಂಬಿ ನಗುತ್ತಿದ್ದ. ಅವಳಿಗೋ ಚಪ್ಪಲಿಯ ಸದ್ದಿನಲ್ಲೇ ಅಂದಿನ ಪಾಡು ತಿಳಿದುಬಿಡುತ್ತಿತ್ತು. ಹಾಗಾಗಿ ಅವಳು ಪ್ರತಿ ಏಟನ್ನೂ ಎರಡೆರಡು ಸಲ ತಿಂದಳು, ಬೀಳುವ ಮುಂಚೆ ಒಮ್ಮೆ, ಬಿದ್ದಾಗ ಒಮ್ಮೆ.

ಶೆಡ್ಡಿಗೆ ಸೇರಿದ ಮೇಲೆ ಕೋಚ್ ಕೂಡ ಅದನ್ನೇ ಹೇಳಿದ. "ಮೂಲೆಗೆ ಬಂದು ಕೂತವನಿಗೆ ನಿಜ ಹೇಳ್ಬಾರ್ದಮ್ಮ. ಗಾಯ ಎಷ್ಟು ದೊಡ್ಡದು ಅಂತ ಗೊತ್ತಾದ್ರೆ ಎರಡೂ ಕೈ ಅಲ್ಲಿಗೇ ಹೋಗ್ತವೆ. ಹೊಟ್ಟೆಗೆ ಅಡ್ಡ ಕೈ ಇಲ್ದೆ ಅಲ್ಲಿ ಏಟು ತಿಂತಾನೆ."

ಅದು ಸುಳ್ಳಲ್ಲ. ಹೆದರಿದವನು ಹೆಚ್ಚು ಏಟು ತಿನ್ನುವುದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಆದ್ದರಿಂದ ಹುಬ್ಬು ಮೂಳೆ ಕಾಣುವಷ್ಟು ಸೀಳಿದರೂ "ಗೀರು ಕಣೋ" ಅನ್ನುತ್ತಿದ್ದಳು. ಪಕ್ಕೆಲುಬು ಮುರಿದಾಗ "ಉಳುಕಿದೆ" ಅಂದಳು. ಅವನು ಮುರಿದ ಪಕ್ಕೆಲುಬಿನಲ್ಲೇ ಹೋಗಿ ಎದುರಿನವನ ಎರಡು ಹಲ್ಲು ಉದುರಿಸಿ ಬಂದ.

ಒಂದು ದಿನ ಗೂಳಿ, "ಅಕ್ಕಾ, ಎಡಗಣ್ಣಲ್ಲಿ ಇರುವೆ ಓಡಾಡ್ತವೆ ಕಣೇ" ಎಂದು ನಕ್ಕ. ಅವಳು ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿ ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ನಿಂತಿದ್ದ. "ಅಕ್ಕಂಗೆ ಹೇಳಿ ಮೇಡಂ. ನಂಗೆ ಇದೆಲ್ಲ ಕೋಣನ ಮುಂದೆ ಕಿನ್ನರಿ." ಹೊರಗೆ ಹೋಗಿ ಔಷಧದ ಅಂಗಡಿಯವನ ಜೊತೆ ಹರಟೆಗೆ ಕೂತ.

ಡಾಕ್ಟರಮ್ಮ ಅಕ್ಕನಿಗೆ ಹೇಳಿದರು. ಏಟು ಬಿದ್ದೂ ಬಿದ್ದೂ ಕಣ್ಣಿನ ಹಿಂದಿನ ಪರದೆ ಹರಿದಿದೆ. ಕೂಡಲೇ ಆಪರೇಷನ್ ಆಗಬೇಕು. ಇನ್ನೊಂದು ಜೋರು ಏಟು ಬಿದ್ದರೆ ಪೂರ್ತಿ ಕಳಚಿ ಕಣ್ಣೇ ಹೋಗುತ್ತದೆ.

"ಏನಂತೆ?" ಅಂದ ಗೂಳಿ, ಹೊರಗೆ.

"ದೂಳು. ಡ್ರಾಪ್ಸ್ ಕೊಟ್ಟಿದಾರೆ."

ಯಾಕೆ ಹಾಗೆ ಅಂದಳೋ. ಎರಡು ತಿಂಗಳಿಗೆ ದೊಡ್ಡ ಪಂದ್ಯವಿತ್ತು, ಅವನು ಹುಟ್ಟಿದಾಗಿನಿಂದ ಅದಕ್ಕೇ ಕಾದವನ ಹಾಗೆ ಸೀಟಿ ಹೊಡೆಯುತ್ತ ತಿರುಗುತ್ತಿದ್ದ. ಹೇಳಿದರೆ ನಿಲ್ಲುತ್ತಾನೆ ಎಂಬ ಭರವಸೆಯೂ ಇರಲಿಲ್ಲ. ನಿಲ್ಲದೆ, ಆದರೆ ಹೆದರಿಕೊಂಡು, ರಿಂಗಿಗೆ ಹೋದರೆ? ಕೋಚ್‌ಗೆ ಹೇಳಿದಳು. ಅವನು ಗೋಡೆ ನೋಡುತ್ತ, "ಪಂದ್ಯ ಮುಗೀಲಿ" ಅಂದ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಲಾಂಡ್ರಿಯಲ್ಲಿ ರೋಲರಿಗೆ ಹೊದಿಕೆಯ ಜೊತೆ ಕೈಯನ್ನೂ ಕೊಡುವುದರಲ್ಲಿದ್ದಳು. ಪಕ್ಕದವಳು ಜಡೆ ಹಿಡಿದು ಎಳೆದು, "ಕಣ್ಣೆಲ್ಲಿಟ್ಟಿದೀಯೇ ಮಾರಾಯ್ತಿ" ಎಂದು ಬೈದಳು.

ಎದುರಾಳಿಯನ್ನು ಮೇಷ್ಟ್ರು ಅನ್ನುತ್ತಿದ್ದರು. ಗೂಳಿಗೆ ಪೂರಾ ತದ್ವಿರುದ್ಧ. ಹೊಡೆಯಬೇಕಾದವನ ಹಳೆಯ ಪಂದ್ಯಗಳನ್ನೆಲ್ಲ ವೀಡಿಯೋದಲ್ಲಿ ಹಿಂದೆ ಮುಂದೆ ಮಾಡಿ ನೋಡಿ, ಅವನು ಉಸಿರು ಬಿಡುವುದು ಯಾವಾಗ ಎಂಬುದನ್ನೂ ತಿಳಿದುಕೊಂಡು ಬರುವವನು. ಆ ತಿಳಿವಳಿಕೆಯ ಸುಖವೇನು ಎಂಬುದನ್ನು ನೀರಕ್ಕ ಪಂದ್ಯದ ಮಧ್ಯಾಹ್ನ ನೋಡಿದಳು. ಇವಳ ತಮ್ಮ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರೆ, ಮೇಷ್ಟ್ರು ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ.

ಮೊದಲ ಮೂರು ರೌಂಡು ಕಸಾಯಿ ಅಂಗಡಿಯ ಹಾಗಿತ್ತು. ಗೂಳಿಯ ಬಲಗೈ ಮೇಷ್ಟ್ರ ಮೂಗಿನ ಮೂಳೆಯನ್ನು ಲಟಕ್ಕನೆ ಮುರಿದ ಸದ್ದು ಹಿಂದಿನ ಸಾಲಿಗೂ ಕೇಳಿತು. ಮುಂದೆ ಕೂತವರ ಅಂಗಿಯ ಮೇಲೆ ರಕ್ತ ಹಾರಿತು. ಮೇಷ್ಟ್ರು ಬಿದ್ದು, ಹಗ್ಗ ಹಿಡಿದು ಎದ್ದು, ಗೂಳಿಯ ಪಕ್ಕೆಗೆ ಒಂದೇ ಜಾಗಕ್ಕೆ ಹೊಡೆದ, ಹೊಡೆದ, ಮತ್ತೆ ಹೊಡೆದ. ನಾಲ್ಕನೆಯ ರೌಂಡಿನಲ್ಲಿ ಅವನ ಬಲಗೈ ಬೀಸಿಕೊಂಡು ಬಂದು ಗೂಳಿಯ ಎಡಗಣ್ಣಿನ ಮೇಲೆ ಬಿತ್ತು. ನೀರಕ್ಕನ ಕೈಯ ಬಾಟಲಿ ಚಪ್ಪಟೆಯಾಯಿತು.

ಆಮೇಲೆ ಮೇಷ್ಟ್ರು ತನ್ನ ಎಡಬದಿಗೆ ಸರಿದರೆ ಗೂಳಿ ಅವನನ್ನು ಹುಡುಕತೊಡಗಿದ. ಎಡಗಡೆಯಿಂದ ಬಂದ ಏಟಿಗೆ ರೆಪ್ಪೆ ಕೂಡ ಮಿಟುಕಲಿಲ್ಲ. ಇನ್ನೆರಡು ಹೊಡೆದಿದ್ದರೆ ಪಂದ್ಯ ಮುಗಿಯುತ್ತಿತ್ತು. ಮೇಷ್ಟ್ರು ಮುಷ್ಟಿ ಎತ್ತಿದವನು ಅಲ್ಲೇ ಕೈ ತಡೆದ. ಗೂಳಿಯನ್ನು ತಬ್ಬಿ ಹಗ್ಗಕ್ಕೆ ಒತ್ತಿ, ಕಿವಿಯಲ್ಲಿ ಏನೋ ಹೇಳಿದ. ಗಂಟೆ ಹೊಡೆಯಿತು.

ಗೂಳಿ ಬಂದು ಸ್ಟೂಲಿನ ಮೇಲೆ ಕುಸಿದ. ಬಾಯಿಂದ ರಕ್ತ ಎದೆಯ ಮೇಲೆ ಇಳಿಯುತ್ತಿತ್ತು.

"ಅಕ್ಕಾ, ಅವನು ನನ್ನ ಎಡಗಣ್ಣು ಹೋಗಿದೆ ಅಂತಾನೆ. 'ನಿನ್ನ ಅಕ್ಕಂಗೆ ಗೊತ್ತಿರ್ಬೇಕು, ಕೇಳು. ಗೊತ್ತಿದ್ದೂ ಅಲ್ಲಿ ಹೊಡೆಯಕ್ಕೆ ನಂಗೆ ಕೈ ಬರ್ತಿಲ್ಲ' ಅಂತಾನೆ."

ಅವಳು ಹತ್ತಿ ಒತ್ತುತ್ತಲೇ ಇದ್ದಳು. ಪಕ್ಕದಲ್ಲಿ ಕೋಚ್, "ಕುತಂತ್ರ ಕಣೋ ಅದು, ಕಿವಿಗೆ ಹಾಕ್ಕೋಬೇಡ" ಎಂದ.

"ನೀನು ಹೇಳು ಅಕ್ಕಾ. ಕುತಂತ್ರ ಅಂತ ಹೇಳು, ಸಾಕು. ಹೋಗಿ ಅವನನ್ನ ಮಲಗಿಸಿ ಬರ್ತೀನಿ."

ಅವನ ಬಲಗಣ್ಣು ಬೇಡುತ್ತಿತ್ತು. ಎಡಗಣ್ಣು ಅವಳ ಭುಜದಾಚೆ ಎಲ್ಲೋ ನೋಡುತ್ತಿತ್ತು. ಗೀರು ಅನ್ನುವುದು ಎಷ್ಟು ಸುಲಭವಿತ್ತು.

"ಹೌದು ಕಣೋ," ಅಂದಳು. "ಎರಡು ತಿಂಗಳಿಂದ ಗೊತ್ತು. ದೂಳಲ್ಲ ಅದು."

ಕೋಚ್ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದ. ಗಂಟೆ ಹೊಡೆಯಿತು. ಗೂಳಿ ಎದ್ದು ನಡೆದ, ಆದರೆ ಎದ್ದವನು ಗೂಳಿಯಾಗಿರಲಿಲ್ಲ. ಎರಡೂ ಕೈ ಎಡಗಣ್ಣಿಗೆ ಹೋಗಿದ್ದವು. ಮೇಷ್ಟ್ರು ಈಗ ಆ ಕಣ್ಣೊಂದನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ಹೊಡೆದ. ಪಕ್ಕೆ, ಹೊಟ್ಟೆ, ದವಡೆ. ಗೂಳಿ ಮಂಡಿಯೂರಿ, ಎದ್ದು, ಮತ್ತೆ ಮಂಡಿಯೂರಿದ. ನೀರಕ್ಕ ಕೋಚ್‌ನ ಕೈ ಕೊಡವಿ ಟವೆಲನ್ನು ರಿಂಗಿಗೆ ಎಸೆದಳು. ಸೋತೆವು ಎಂಬುದರ ಗುರುತು ಅದು. ರೆಫರಿ ನಡುವೆ ಬಂದ.

ಗೂಳಿ ನೇರ ಮೂಲೆಗೆ ಬಂದು, ಗ್ಲೌಸ್ ಹಾಕಿದ ಕೈಯಲ್ಲೇ ಅಕ್ಕನ ಬಾಯಿಗೆ ಹೊಡೆದ. ಅವಳು ಬಕೆಟ್ಟಿನ ಮೇಲೆ ಬಿದ್ದಳು. ಅಪ್ಪ ಸತ್ತ ಮೇಲೆ ಅವಳ ಮೇಲೆ ಬಿದ್ದ ಮೊದಲ ಏಟು ಅದು.

ಆಪರೇಷನ್ ಆಯಿತು. ಎರಡು ತಿಂಗಳ ಮುಂಚೆ ಬಂದಿದ್ದರೆ ಕಣ್ಣು ಉಳಿಯುತ್ತಿತ್ತು, ಇನ್ನು ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ ಎಂದರು ಡಾಕ್ಟರಮ್ಮ. ಈ ಸಲ ಅವನು ಕೂತು ಕೇಳಿದ. ಅವರು ಹೋದ ಮೇಲೆ ಅಕ್ಕನ ಕಡೆ ಮುಖ ತಿರುಗಿಸಿದ. ತುಟಿಗೆ ಹೊಲಿಗೆ ಹಾಕಿಸಿಕೊಂಡ ಅಕ್ಕ ಕಬ್ಬಿಣದ ಮಂಚದ ಪಕ್ಕ ಕೂತಿದ್ದಳು.

"ಆ ಎರಡು ತಿಂಗಳು ನಾನು ಖುಷಿಯಾಗಿದ್ದೆ, ಅಲ್ವಾ?"

"ಹೂಂ. ಸೀಟಿ ಹೊಡ್ಕೊಂಡಿದ್ದೆ."

"ನೀನು?"

ಅವಳು ಅವನ ಹೊದಿಕೆಯ ಅಂಚು ಮಡಚಿ ಸರಿ ಮಾಡಿದಳು.

"ಆ ಖುಷಿ ನಿನ್ನ ಕೊರಳು ಹಿಸುಕಿ ತಗೊಂಡಿದ್ದಾಯ್ತು," ಅಂದ. "ನಂಗೆ ಬೇಡವಾಗಿತ್ತು ಅಂತ ಹೇಳಲ್ಲ. ಚೆನ್ನಾಗೇ ಇತ್ತು. ಇನ್ನೇನಾದ್ರೂ ಇದ್ಯಾ, ಹೇಳದೇ ಇರೋದು?"

ಇತ್ತು. ಕಾರಿಡಾರಿನಲ್ಲಿ ಡಾಕ್ಟರಮ್ಮ ಅವಳೊಬ್ಬಳಿಗೇ ಹೇಳಿದ್ದರು, ಅವನು ಸುಧಾರಿಸಿಕೊಂಡ ಮೇಲೆ ತಿಳಿಸಿದರಾಯಿತು ಎಂದು.

"ಬಲಗಣ್ಣಿನ ಪರದೆನೂ ತೆಳ್ಳಗಾಗಿದೆಯಂತೆ. ಇನ್ಮೇಲೆ ಒಂದು ಏಟೂ ಬೀಳ್ಬಾರ್ದಂತೆ. ಬಿದ್ರೆ ಅದೂ ಹೋಗುತ್ತೆ."

ಅವನು ಅವಳ ಕೈ ಹುಡುಕಿ, ಗೆಣ್ಣುಗಳು ಲಟಗುಟ್ಟುವಷ್ಟು ಬಿಗಿಯಾಗಿ ಹಿಡಿದ. ಅವಳಿಗೆ ನೋವಾಯಿತು, ಬಿಡಿಸಿಕೊಳ್ಳಲಿಲ್ಲ.

"ಏನೂ ಆಗಲ್ಲ ಅಂತ ಹೇಳ್ಬೇಡ," ಅಂದ.

"ಇಲ್ಲ," ಅಂದಳು. "ಹೇಳಲ್ಲ."