ಮಾಸ್ತರು ಬರೆದ ಆ ಒಂದು ಮನೆ

ನಮ್ಮ ಮನೆಯ ಮಾತು ಪುಸ್ತಕದಲ್ಲಿ ಅಚ್ಚಾದರೆ ಎಷ್ಟು ಸಿಟ್ಟು ಬರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಎದುರುಮನೆಯಲ್ಲಿ ಲೇಖಕರಿಲ್ಲ, ಪುಣ್ಯವಂತರು ನೀವು. ಸಪ್ತಾಪುರದಲ್ಲಿ ನಮ್ಮ ಮನೆಯ ಎದುರಿಗೇ ಒಬ್ಬರಿದ್ದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರು; ಮೊಬೈಲಿನ ಕಾಲದಲ್ಲಿ ಮಕ್ಕಳನ್ನು ಬೆಳೆಸುವುದು ಹೇಗೆಂದು ಪುಸ್ತಕ ಬರೆದವರು. ಸಂಜೆ ಚಹಾದ ಹೊತ್ತಿಗೆ ಬರೋಬ್ಬರಿ ನಮ್ಮಲ್ಲಿಗೆ ಬಂದು ಕೂಡುತ್ತಿದ್ದರು. ನಾನೋ ದಡ್ಡಿ, ಚಹಾದ ಜೊತೆಗೆ ಚುರಮುರಿ ಬೇರೆ ಕೊಡುತ್ತಿದ್ದೆ.

ಪುಸ್ತಕ ಬಂತು. ತೆರೆದರೆ ಮೊದಲ ಪುಟದಲ್ಲೇ, ಒಂದು ಮನೆಯಲ್ಲಿ ತಾಯಿಯೊಬ್ಬಳು ಮೊಬೈಲಿನಲ್ಲಿ ಮುಳುಗಿದ್ದಾಳೆ. ಮಗಳು ಕರೆದು ಕರೆದು ಸೋತು, ಕಡೆಗೆ ಅದೇ ಮೊಬೈಲಿಗೆ ‘ಹಸಿವಾಗಿದೆ’ ಎಂದು ಮೆಸೇಜು ಕಳಿಸುತ್ತಾಳೆ. ನನ್ನ ಕಿವಿ ಬಿಸಿಯಾದವು. ನಮ್ಮ ಮಗಳು ಮಾಡಿದ್ದೂ ಇದನ್ನೇ! ಓಣಿಯವರು ಓದಿದರೆ ನನ್ನ ಮಾನ ಏನುಳಿಯಿತು? ಪುಸ್ತಕ ಹಿಡಿದು ಅವರ ಅಂಗಳಕ್ಕೇ ನಡೆದೆ.

“ಏನ್ರಿ ಸರ್, ನಮ್ಮ ಮನಿ ಮರ್ಯಾದಿ ಹಿಂಗ ತಗೀತೀರೇನು?”

ಅವರು ಕನ್ನಡಕ ಏರಿಸಿ ನಕ್ಕರು. “ಅದು ನಿಮ್ಮ ಮನಿ ಹೆಂಗಾಗ್ತದವಾ? ಇದ ಜಗಳಾ ತಗೊಂಡು ಐದಾರು ಮಂದಿ ತಾಯಂದ್ರು ಬಂದು ಹೋದ್ರು. ಕಡೀಕ ಬಂದಾಕಿ ನೀನ.”

“ಹಂಗಾರ ಯಾರ ಮನಿ ಹೇಳ್ರಿ.”

“ಅದನ್ನ ಮಾತ್ರ ಕೇಳಬ್ಯಾಡ” ಎಂದು ಮಾತು ಹಾರಿಸಿಬಿಟ್ಟರು. ನಾನೂ ಬಿಡುವವಳಲ್ಲ, ಹೇಳುವತನಕ ಚಹಾ ಬಂದ್ ಎಂದೆ. ಮಾರನೆಯ ಸಂಜೆ ಏನೂ ಆಗೇ ಇಲ್ಲವೆಂಬಂತೆ ಬಂದು ಕೂತರು. ಕೊಡದೆ ಇರಲಾದೀತೇ?

ಹೋದ ತಿಂಗಳು ಮಾಸ್ತರು ತೀರಿಕೊಂಡರು. ಅವರ ಹೆಂಡತಿ ಓಣಿಗೆಲ್ಲ ಕಾಕು, ಚಿಕ್ಕಮ್ಮನಿದ್ದಂತೆ. ಅವರನ್ನು ಮಾತಾಡಿಸಲು ಹೋದಾಗ ಆ ಜಗಳದ ತಾಯಂದಿರೂ ಅಲ್ಲೇ ಕೂತಿದ್ದರು. ಸುಮ್ಮನೆ ಕೂಡುವುದು ಕಷ್ಟವಾಗಿ ನಾನೇ ಪುಸ್ತಕದ ಮಾತು ತೆಗೆದು, ಆ ತಾಯಿ ಯಾರೆಂದು ಕೇಳಿದೆ. ಕಾಕು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

“ಯಾವ ತಾಯೀನೂ ಅಲ್ರವಾ. ಇವ್ರು ಆ ಪುಸ್ತಕಾ ಮೊಬೈಲ್‌ನ್ಯಾಗ ಬರಿಯೂ ಹೊತ್ತಿನ್ಯಾಗ, ಮೊಮ್ಮಗಳು ಎಷ್ಟು ಕರದ್ರೂ ಓ ಅಂತಿದ್ದಿಲ್ಲ. ಮೆಸೇಜ್ ಹಾಕಿದಾಕಿ ಆಕಿನ. ಖರೇ ಬರೀಲಿಕ್ಕೆ ನಾಚಿಕಿ ಬಂದು, ಅಜ್ಜ ಅನ್ನೂ ಕಡೆ ತಾಯಿ ಅಂತ ಬರದ್ರು.”

ನೋಡಿದಿರಾ ಜಾಣತನ! ತಮ್ಮ ತಪ್ಪನ್ನು ಓಣಿಯ ತಾಯಂದಿರ ತಲೆಗೆ ಕಟ್ಟಿ, ನಮ್ಮಲ್ಲೇ ಕೂತು ಚಹಾ ಕುಡಿದರಲ್ಲ! ಸಿಟ್ಟು ಬರಬೇಕಿತ್ತು, ಅಳು ಬಂತು. ಗಂಡನ ಗುಟ್ಟು ಬಿಟ್ಟುಕೊಟ್ಟೆನಲ್ಲ ಎಂದು ಕಾಕುವಿನ ಮುಖ ಸಣ್ಣದಾಗಿತ್ತು.

“ಇಲ್ರಿ ಕಾಕು, ನಿಮಗ ಗೊತ್ತಿಲ್ಲ. ಅದು ನಮ್ಮ ಮನೀದ ಕತಿ” ಎಂದೆ.

“ಅಯ್ಯ, ನಿಮ್ಮನಿ ಹೆಂಗಾಗ್ತದ್ರಿ? ನಮ್ಮದು!” ಎಂದು ಪಕ್ಕದಲ್ಲಿ ಕೂತವಳು ನನ್ನ ಮೇಲೆ ಜಗಳಕ್ಕೇ ಬಂದಳು.